ಲೆಕ್ಕದ ಪುಸ್ತಕದ ಎರಡನೆಯ ಅಂಕಣ

ಚಿತ್ರ ಬರೆಯುವುದನ್ನೇ ಜೀವನೋಪಾಯ ಮಾಡಿಕೊಂಡ ಮೇಲೆ ನಾನು ಬಿಡದೆ ಇಟ್ಟುಕೊಂಡು ಬಂದಿರುವ ಪುಸ್ತಕವೆಂದರೆ ಒಂದು ಉದ್ದನೆಯ ಲೆಕ್ಕದ ಪುಸ್ತಕ. ಅದರ ಪ್ರತಿ ಪುಟದಲ್ಲೂ ಎರಡು ಅಂಕಣಗಳಿವೆ. ಎಡಗಡೆಯದು ಏನು ಬರೆದೆ, ಎಷ್ಟು ದಿನ ಹಿಡಿಯಿತು ಎಂಬುದಕ್ಕೆ. ಬಲಗಡೆಯದು ಅದಕ್ಕೆ ಪ್ರತಿಯಾಗಿ ಬಂದದ್ದಕ್ಕೆ. ಬಲಗಡೆಯಲ್ಲಿ ರೂಪಾಯಿಗಳಿವೆ, ಆದರೆ ಅವುಗಳ ನಡುನಡುವೆ ‘ಕರಿಮೆಣಸು 6 ಕೆ.ಜಿ.’, ‘ಹಲಸಿನ ಮರದ ಚೌಕಟ್ಟು 5’, ‘ಕಾಚಂಪುಳಿ 2 ಬಾಟಲಿ’, ‘ಹಲ್ಲಿನ ಚಿಕಿತ್ಸೆ, ಮೂರು ಭೇಟಿ’ ಎಂಬಂತಹ ನಮೂದುಗಳೂ ಇವೆ. ಮಡಿಕೇರಿಯ ಈ ಮಳೆಗಾಲದ ಕೊನೆಯಲ್ಲಿ ಕುಳಿತು ಆ ಅಂಕಣವನ್ನು ಮೊದಲಿನಿಂದ ಓದಿಕೊಂಡಾಗ, ನನ್ನ ಕೆಲಸದ ಬಗ್ಗೆ ನಾನು ಕಲಿತದ್ದರಲ್ಲಿ ಬಹುಪಾಲು ಅಲ್ಲಿಯೇ ದಾಖಲಾಗಿದೆ ಎನ್ನಿಸಿತು. ಅದನ್ನು ಬರೆದಿಡುವುದಕ್ಕಾಗಿ ಈ ಬರಹ.

ವಿನಿಮಯಕ್ಕೆ ಚಿತ್ರ ಬರೆಯುವುದೆಂದರೆ ಪುಕ್ಕಟೆಯಾಗಿ ಬರೆಯುವುದು ಎಂದು ಭಾವಿಸುವವರಿದ್ದಾರೆ. ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ಓದು ಮುಗಿಸಿ ಊರಿಗೆ ಬಂದ ಹೊಸತರಲ್ಲಿ ನಾನೂ ಹಾಗೆಯೇ ತಿಳಿದಿದ್ದೆ. ಕೊಡಗಿನಲ್ಲಿ ಹಣ ವರ್ಷವಿಡೀ ಒಂದೇ ಸಮನಾಗಿ ಓಡಾಡುವುದಿಲ್ಲ ಎಂಬುದು ಇಲ್ಲಿ ನೆಲೆಸಿದ ಮೇಲೆಯೇ ನನಗೆ ಸರಿಯಾಗಿ ಅರ್ಥವಾಯಿತು. ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ಆರಂಭವಾಗಿ, ರೊಬಸ್ಟಾ ಕೊಯ್ಲು ಫೆಬ್ರವರಿಯವರೆಗೂ ಎಳೆಯುತ್ತದೆ. ಕಣದಲ್ಲಿ ಒಣಗಿಸಿ, ಚೀಲ ತುಂಬಿ, ಧಾರಣೆ ನೋಡಿ ಮಾರಿದ ಮೇಲೆ ಸಣ್ಣ ಬೆಳೆಗಾರರ ಕೈಗೆ ವರ್ಷದ ಹಣ ಬರುತ್ತದೆ. ಆ ಹಣ ಗೊಬ್ಬರ, ಕೂಲಿ, ಸಾಲ, ಮಕ್ಕಳ ಶುಲ್ಕಗಳಿಗೆ ಹಂಚಿಹೋಗಿ ಜೂನ್ ಹೊತ್ತಿಗೆ ಮುಗಿದಿರುತ್ತದೆ. ಬಿಡುವು ಸಿಗುವುದು ಮಾತ್ರ ಮಳೆ ಹಿಡಿದ ಮೇಲೆಯೇ. ಮನೆಯ ಹಿರಿಯರ ಚಿತ್ರ ಬರೆಸಬೇಕು, ಹಳೆಯ ಮನೆಯ ಚಿತ್ರ ಬೇಕು ಎಂಬ ಯೋಚನೆ ಜನರಿಗೆ ಬರುವುದು ಆಗ, ಅಂದರೆ ಕೈಯಲ್ಲಿ ಹಣವಿಲ್ಲದ, ಅಟ್ಟದ ಮೇಲೆ ಮೆಣಸಿನ ಚೀಲವಿರುವ ತಿಂಗಳುಗಳಲ್ಲಿ. ಚೆನ್ನಾಗಿ ಒಣಗಿಸಿದ ಕರಿಮೆಣಸು ವರ್ಷಗಟ್ಟಲೆ ಕೆಡುವುದಿಲ್ಲವಾದ್ದರಿಂದ ಇಲ್ಲಿ ಅದನ್ನು ಉಳಿತಾಯದ ಹಣದಂತೆ ಇಟ್ಟುಕೊಳ್ಳುತ್ತಾರೆ; ಆ ಉಳಿತಾಯದಿಂದ ಒಂದು ಪಾಲು ತೆಗೆದು ಕೊಡುವವರು ನನಗೆ ದಾನ ಮಾಡುತ್ತಿಲ್ಲ, ನಾನೂ ಅವರಿಗೆ ಉಪಕಾರ ಮಾಡುತ್ತಿಲ್ಲ.

ಇದು ಸ್ಪಷ್ಟವಾದ ಮೇಲೆ ಒಂದು ಕ್ರಮವನ್ನು ಮಾಡಿಕೊಂಡೆ. ನನ್ನ ಒಂದು ದಿನದ ಕೆಲಸಕ್ಕೆ ಇಷ್ಟು ರೂಪಾಯಿ ಎಂದು ಮೊದಲೇ ಹೇಳುತ್ತೇನೆ, ಕೆಲಸಕ್ಕೆ ಎಷ್ಟು ದಿನ ಬೇಕೆಂದು ಹೇಳುತ್ತೇನೆ, ವಸ್ತುವಿನ ರೂಪದಲ್ಲಿ ಕೊಡುವವರಿದ್ದರೆ ಮಾತಾದ ದಿನದ ಧಾರಣೆಯನ್ನೇ ಹಿಡಿದು ಲೆಕ್ಕ ಮಾಡುತ್ತೇವೆ. ಆಮೇಲೆ ಮೆಣಸಿನ ಬೆಲೆ ಏರಿದರೂ ಇಳಿದರೂ ಮಾತು ಬದಲಾಗುವುದಿಲ್ಲ. ಕಾಗದ, ಬಣ್ಣ, ಗಾಜುಗಳ ಖರ್ಚನ್ನು ಮಾತ್ರ ಯಾವಾಗಲೂ ಹಣವಾಗಿಯೇ ಪಡೆಯುತ್ತೇನೆ, ಏಕೆಂದರೆ ಕಾಗದದ ಅಂಗಡಿಯವರು ಮೆಣಸು ತೆಗೆದುಕೊಳ್ಳುವುದಿಲ್ಲ. ಹೀಗೆ ಬಂದ ವಸ್ತುಗಳ ಬೆಲೆಯನ್ನು ವರ್ಷದ ಆದಾಯದಲ್ಲಿ ಸೇರಿಸಿಯೇ ತೋರಿಸಬೇಕು. ವೃತ್ತಿಯಿಂದ ಬಂದ ಪ್ರತಿಫಲ ನೋಟಿನ ರೂಪದಲ್ಲಿಲ್ಲ ಎಂಬ ಕಾರಣಕ್ಕೆ ಅದು ಆದಾಯವಲ್ಲದೆ ಹೋಗುವುದಿಲ್ಲ. ಎಡಗಡೆಯ ಅಂಕಣದಲ್ಲಿ ದಿನಗಳನ್ನು ಬರೆಯುವ ಅಭ್ಯಾಸ ಶುರುವಾದದ್ದೇ ಈ ಲೆಕ್ಕದ ಸಲುವಾಗಿ.

ಆ ಪುಸ್ತಕದಲ್ಲಿ ಅತಿ ಹೆಚ್ಚು ಸಲ ಬರುವ ಪದ ‘ಐನ್‌ಮನೆ’. ಕೊಡವ ಒಕ್ಕಗಳ, ಅಂದರೆ ಮನೆತನಗಳ, ಮೂಲಮನೆಗಳಾದ ಇವು ಹಲವು ಕಡೆ ಈಗ ವರ್ಷಕ್ಕೆ ಕೆಲವೇ ದಿನ ಜನರಿಂದ ತುಂಬುತ್ತವೆ. ಒಕ್ಕದವರು ಬೆಂಗಳೂರಿನಲ್ಲೋ ಸೈನ್ಯದಲ್ಲೋ ಹೊರದೇಶದಲ್ಲೋ ಇರುತ್ತಾರೆ, ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದಿಗೋ ಸುಗ್ಗಿಯ ಹಬ್ಬವಾದ ಪುತ್ತರಿಗೋ ಬಂದು ಸೇರುತ್ತಾರೆ. ಬರುವಾಗ ಒಂದು ಚಿತ್ರ ಬೇಕೆನ್ನುತ್ತಾರೆ. ಫೋಟೋ ತೆಗೆಯುವುದು ಸುಲಭವಲ್ಲವೇ ಎಂದು ನಾನೇ ಕೇಳಿದ್ದುಂಟು. ಮರಗಳು ಅಡ್ಡ ಬರುತ್ತವೆ, ಆಮೇಲೆ ಹಾಕಿಸಿದ ತಗಡಿನ ಮಾಡು ಕಾಣುತ್ತದೆ, ಅಂಗಳದಲ್ಲಿ ನಿಂತರೆ ಇಡೀ ಮುಖಮಂಟಪ ಕ್ಯಾಮೆರಾದೊಳಗೆ ಹಿಡಿಯುವುದಿಲ್ಲ ಎಂದು ಅವರು ಹೇಳುತ್ತಾರೆ. ಅವೆಲ್ಲ ನಿಜವಾದ ಕಾರಣಗಳೇ. ಆದರೆ ಚಿತ್ರ ಬರೆಯುವವರು ಮನೆಯ ಮುಂದೆ ನಾಲ್ಕು ದಿನ ಕುಳಿತಿರುತ್ತಾರೆ, ಆ ನಾಲ್ಕು ದಿನ ಮನೆಯವರು ಬಂದು ಪಕ್ಕದಲ್ಲಿ ನಿಂತು ಮನೆಯ ಬಗ್ಗೆ ಮಾತನಾಡುತ್ತಾರೆ. ಅದು ಅವರಿಗೂ ಬೇಕಾಗಿರುತ್ತದೆ ಎಂದು ನನಗೆ ಅನ್ನಿಸಿದೆ.

ಮೊದಲ ಐನ್‌ಮನೆಯ ಚಿತ್ರದಲ್ಲಿ ನಾನು ಮಾಡಿದ ತಪ್ಪು ಇಂದಿಗೂ ನೆನಪಿದೆ. ಜಗಲಿಯ ಕಂಬಗಳ ನಡುವೆ ಐಮರ ಇರುತ್ತದೆ, ಹಿರಿಯರು ಕುಳಿತುಕೊಳ್ಳುವ ದಪ್ಪನೆಯ ಮರದ ಹಲಗೆ. ನಾನು ಕಂಬಗಳ ಕೆತ್ತನೆಗೆ ಒಂದೂವರೆ ದಿನ ಕೊಟ್ಟು, ಐಮರವನ್ನು ಎರಡು ತೆಳುಗೆರೆಗಳಲ್ಲಿ ಮುಗಿಸಿದ್ದೆ. ಒಕ್ಕದ ಹಿರಿಯ ಯಜಮಾನರಾದ ಪಟ್ಟೆದಾರರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

“ಕಂಬ ಚೆನ್ನಾಗಿ ಬಂದಿದೆ ಮಗಳೇ. ಆದರೆ ಈ ಹಲಗೆಯ ಮೇಲೆ ಯಾರೂ ಕೂರಲಾರರು, ಮುರಿದುಬೀಳುತ್ತದೆ. ಬಾ, ಒಮ್ಮೆ ಕೂತು ನೋಡು” ಎಂದರು.

ಹೊಸದಾಗಿ ಬಂದವರು, ಅದರಲ್ಲೂ ಕಿರಿಯರು, ಹಿರಿಯರ ಎದುರು ಐಮರದ ಮೇಲೆ ಕೂರುವುದಿಲ್ಲವೆಂದು ತಿಳಿದಿದ್ದರಿಂದ ನಾನು ಹಿಂಜರಿದೆ. ಹಾಗಾದರೆ ಕೈಯಿಂದ ಮುಟ್ಟಿ ದಪ್ಪ ಅಳೆದುಕೋ ಎಂದರು. ಅಂಗೈ ಪೂರ್ತಿ ಹರಡಿದರೂ ಸಾಲದಷ್ಟು ದಪ್ಪವಿತ್ತು. ಅಂಚು ತಲೆಮಾರುಗಳ ಮೊಣಕಾಲು ತಾಗಿ ನುಣುಪಾಗಿತ್ತು. ಅಲ್ಲಿಂದ ಮುಂದೆ ಯಾವ ಮನೆಯನ್ನು ಬರೆಯುವ ಮೊದಲೂ ಅಲ್ಲಿ ಜನ ಕೈಯಿಟ್ಟು ಸವೆದ ಜಾಗಗಳನ್ನು ಹುಡುಕಿ, ಅವುಗಳ ಸಣ್ಣ ಸಣ್ಣ ರೇಖಾಚಿತ್ರಗಳನ್ನು ಮೊದಲು ಮಾಡಿಕೊಳ್ಳುತ್ತೇನೆ. ಮನೆಗೆ ಹೋಗುವ ಓಣಿಯನ್ನೂ ಬಿಡುವುದಿಲ್ಲ. ಎರಡೂ ಬದಿಗೆ ಮಣ್ಣಿನ ದಿಣ್ಣೆಯಿರುವ ಆ ತಿರುವುದಾರಿ ಇಲ್ಲದಿದ್ದರೆ ಮನೆ ಎಲ್ಲಿಂದಲೋ ಕತ್ತರಿಸಿ ತಂದಿಟ್ಟ ಹಾಗೆ ಕಾಣುತ್ತದೆ.

ಊರಿನವರಿಗಾಗಿ ಬರೆಯುವ ಚಿತ್ರಕ್ಕೂ ಪ್ರದರ್ಶನಕ್ಕಾಗಿ ಬರೆಯುವ ಚಿತ್ರಕ್ಕೂ ಇರುವ ವ್ಯತ್ಯಾಸ ನನಗೆ ತಿಳಿದದ್ದು ಇಂತಹ ತಿದ್ದುಪಡಿಗಳಿಂದ. ಗ್ಯಾಲರಿಗೆ ಬಂದವರು ಚಿತ್ರವನ್ನು ಬೇರೆ ಚಿತ್ರಗಳೊಡನೆ ಹೋಲಿಸುತ್ತಾರೆ. ಇಲ್ಲಿ ಚಿತ್ರವನ್ನು ನೋಡುವವರು ಅದರ ವಸ್ತುವನ್ನು ನನಗಿಂತ ಹತ್ತುಪಟ್ಟು ಚೆನ್ನಾಗಿ ಬಲ್ಲವರು. ಅವರು ಒಪ್ಪುವವರೆಗೆ ಚಿತ್ರ ಮುಗಿಯುವುದಿಲ್ಲ ಎಂಬುದನ್ನು ನಾನು ನಿಯಮವಾಗಿ ಇಟ್ಟುಕೊಂಡಿದ್ದೇನೆ, ಅದಕ್ಕೆ ತಗಲುವ ದಿನವನ್ನೂ ಎಡಗಡೆಯ ಅಂಕಣದಲ್ಲಿ ಮೊದಲೇ ಸೇರಿಸುತ್ತೇನೆ.

ವಿರಾಜಪೇಟೆಯ ಕಡೆಯ ಹಿರಿಯ ಮಹಿಳೆಯೊಬ್ಬರು ತಂದೆಯ ಹಳೆಯ ಕಪ್ಪುಬಿಳುಪು ಫೋಟೋ ತಂದು, ಬಣ್ಣದಲ್ಲಿ ದೊಡ್ಡದಾಗಿ ಬರೆದುಕೊಡಬೇಕೆಂದು ಕೇಳಿದ್ದರು. ಕುಪ್ಯವೆಂಬ ಕಪ್ಪು ನಿಲುವಂಗಿ ತೊಟ್ಟು, ತಲೆಗೆ ಮಂಡೆತುಣಿ ಧರಿಸಿ, ಸೊಂಟದ ಮುಂಭಾಗದಲ್ಲಿ ಪೀಚೆಕತ್ತಿ ಸಿಕ್ಕಿಸಿ ನಿಂತ ಎತ್ತರದ ಮನುಷ್ಯ. ಸೊಂಟಕ್ಕೆ ಸುತ್ತಿದ ಚೇಲೆ ಫೋಟೋದಲ್ಲಿ ಕುಪ್ಯದಷ್ಟೇ ಕಪ್ಪಾಗಿತ್ತು. ಚೇಲೆ ಕೆಂಪು ರೇಷ್ಮೆಯದೆಂದು ನನಗೆ ಗೊತ್ತಿತ್ತು. ಆದರೂ ಇಷ್ಟು ಕಪ್ಪಾಗಿ ಕಾಣಬೇಕಾದರೆ ಕಡು ಬಣ್ಣದ್ದೇ ಇರಬೇಕೆಂದು ಊಹಿಸಿ, ಬಹಳ ಗಾಢವಾದ ಕಂದುಗೆಂಪು ಹಚ್ಚಿದೆ. ಅವರು ನೋಡಿ ಏನೂ ಹೇಳದೆ ಮನೆಗೆ ಹೋಗಿ, ಮರುದಿನ ಹಳೆಯ ಪೆಟ್ಟಿಗೆಯಿಂದ ಅದೇ ಚೇಲೆಯನ್ನೇ ತೆಗೆದುಕೊಂಡು ಬಂದರು. ಮಡಿಕೆಗಳ ಒಳಗೆ ಬಿಸಿಲು ಕಾಣದ ಕಡೆ ಅದು ಹೊಳೆಯುವ ಕೆಂಪು! ಹಿಂದಿನ ಕಾಲದಲ್ಲಿ ಬಳಕೆಯಲ್ಲಿದ್ದ ಹಲವು ಫಿಲ್ಮುಗಳು ಕೆಂಪು ಬೆಳಕಿಗೆ ಸ್ಪಂದಿಸುತ್ತಿರಲಿಲ್ಲವಾದ್ದರಿಂದ ಕೆಂಪು ಬಟ್ಟೆ, ಕುಂಕುಮ, ತುಟಿ ಎಲ್ಲವೂ ಇರುವುದಕ್ಕಿಂತ ಕಪ್ಪಾಗಿ ಮೂಡುತ್ತಿದ್ದವು ಎಂಬುದನ್ನು ಓದಿ ತಿಳಿದಿದ್ದರೂ ಕೆಲಸದ ಹೊತ್ತಿನಲ್ಲಿ ನೆನೆಯಲಿಲ್ಲ. ಜಲವರ್ಣದಲ್ಲಿ ಗಾಢ ಬಣ್ಣವನ್ನು ಮತ್ತೆ ತಿಳಿಗೊಳಿಸುವುದು ಕಷ್ಟ. ಇಡೀ ಚಿತ್ರವನ್ನು ಹೊಸ ಕಾಗದದಲ್ಲಿ ಮತ್ತೆ ಬರೆದೆ. ಆ ಎರಡನೆಯ ಸಲದ ದಿನಗಳನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ, ತಪ್ಪು ನನ್ನದಾಗಿತ್ತು. ಚಿತ್ರ ಒಯ್ಯುವ ದಿನ ಅವರು ಒಪ್ಪಿದ ಹಣದ ಜೊತೆಗೆ ಎರಡು ಬಾಟಲಿ ಕಾಚಂಪುಳಿ ತಂದಿದ್ದರು.

ಕಾಚಂಪುಳಿಯ ಬಗ್ಗೆ ಒಂದು ಮಾತು ಇಲ್ಲಿ ಹೇಳಲೇಬೇಕು, ಏಕೆಂದರೆ ಅದು ನನ್ನ ಬಣ್ಣದ ಪೆಟ್ಟಿಗೆಗೂ ಸೇರಿದ ವಿಷಯ. ಪಂದಿಕರಿಗೆ, ಅಂದರೆ ಹಂದಿಮಾಂಸದ ಅಡುಗೆಗೆ, ಹಾಕುವ ಈ ಕಪ್ಪು, ಗಟ್ಟಿ ಹುಳಿಯನ್ನು ಯಾವ ಮರದ ಹಣ್ಣಿನ ರಸ ಇಳಿಸಿ ಕುದಿಸಿ ಮಾಡುತ್ತಾರೋ, ಆ ಮರ ಗಾರ್ಸೀನಿಯಾ ಕುಲಕ್ಕೆ ಸೇರಿದ್ದು. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯಲ್ಲಿ ಚಿನ್ನದ ಹಾಳೆಯ ಕೆಳಗಿನ ಉಬ್ಬು ಕೆಲಸಕ್ಕೆ ಬೆರೆಸುವ ಗ್ಯಾಂಬೋಜ್ ಎಂಬ ಹಳದಿ ಅಂಟು ಕೂಡ ಅದೇ ಕುಲದ ಬೇರೆ ಮರಗಳ ತೊಗಟೆಯಿಂದ ಒಸರುವಂಥದ್ದು. ಕಾಲೇಜಿನಲ್ಲಿ ಆ ಹಳದಿಯನ್ನು ಅರೆಯುತ್ತಿದ್ದಾಗ ಅದರ ಸಂಬಂಧಿಕ ಮರವೊಂದು ನಮ್ಮ ಕಾಡಿನಲ್ಲಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ.

ಪುಸ್ತಕದಲ್ಲಿ ಒಂದು ಪುಟವನ್ನು ದಾಟಿಹೋಗಲು ನನಗೆ ಪ್ರತಿ ಸಲವೂ ಸ್ವಲ್ಪ ಹೊತ್ತು ಬೇಕಾಗುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಗಳ ಕಡೆ ಗುಡ್ಡಗಳು ಜರಿದಾಗ ಮನೆ ಕಳೆದುಕೊಂಡ ಕುಟುಂಬವೊಂದರ ಅಕ್ಕ, ಕೆಲವು ವರ್ಷಗಳ ಮೇಲೆ ನನ್ನ ಬಳಿಗೆ ಬಂದರು. ಅವರ ಮನೆಯ ಫೋಟೋ ಒಂದೂ ಉಳಿದಿರಲಿಲ್ಲ. ಆಲ್ಬಮ್ಮುಗಳು, ಮದುವೆಯ ಸಿ.ಡಿ., ಎಲ್ಲವೂ ಮಣ್ಣಿನಡಿ ಹೋಗಿದ್ದವು. ಜೀವ ಉಳಿದದ್ದೇ ದೊಡ್ಡದಾಗಿತ್ತು. ಅತ್ತೆಗೆ ವಯಸ್ಸಾಗಿದೆ, ಅವರು ಹೋಗುವ ಮೊದಲು ಆ ಮನೆಯನ್ನು ಒಮ್ಮೆ ನೋಡಬೇಕೆನ್ನುತ್ತಿದ್ದಾರೆ, ಹೇಳಿದ ಹಾಗೆ ಬರೆಯಲು ಆಗುತ್ತದೆಯೇ ಎಂದು ಕೇಳಿದರು. ಆಗುತ್ತದೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಪ್ರಯತ್ನ ಮಾಡೋಣ ಎಂದೆ.

ಅವರಿಗೆ ಸಿಕ್ಕಿದ್ದ ಹೊಸ ಮನೆಯ ಮುಂದಿನ ಜಗಲಿಯಲ್ಲಿ ಆರು ಮಧ್ಯಾಹ್ನ ಕುಳಿತೆವು. ಅಜ್ಜಿ ಹೇಳುತ್ತಿದ್ದರು, ನಾನು ಪೆನ್ಸಿಲಿನಲ್ಲಿ ಬರೆದು ತೋರಿಸುತ್ತಿದ್ದೆ, ಅವರು ಬೆರಳಿಟ್ಟು ತಿದ್ದುತ್ತಿದ್ದರು. ಮೊದಲ ದಿನ ಅವರಿಗೆ ಮನೆಯ ಮುಂಭಾಗ ಹೇಗಿತ್ತೆಂದು ಹೇಳಲಾಗಲಿಲ್ಲ. ಮನೆಯೊಳಗೆ ಬಾಳಿದವರು ಮನೆಯನ್ನು ಹೊರಗಿನಿಂದ ನಿಂತು ನೋಡುವುದು ಕಡಿಮೆ ಎಂಬುದು ಆಗ ಹೊಳೆಯಿತು. ಹಾಗಾಗಿ ಎರಡನೆಯ ದಿನ ಪ್ರಶ್ನೆಯನ್ನೇ ಬದಲಾಯಿಸಿ, ಬೆಳಿಗ್ಗೆ ಎದ್ದು ಮೊದಲು ಎಲ್ಲಿಗೆ ಹೋಗುತ್ತಿದ್ದಿರಿ, ಸೌದೆ ಎಲ್ಲಿತ್ತು, ಕಾಫಿ ಕಣ ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತೇ, ಮಳೆ ಬಂದಾಗ ನೀರು ಯಾವ ಕಡೆ ಸುರಿಯುತ್ತಿತ್ತು ಎಂದು ಕೇಳಿದೆ. ಆಗ ಮನೆ ತಾನಾಗಿ ಬಂತು. ಕೊಟ್ಟಿಗೆಯಿಂದ ಬಚ್ಚಲಿಗೆ ಹನ್ನೊಂದು ಹೆಜ್ಜೆ. ಬಚ್ಚಲ ಪಕ್ಕ ಕಿತ್ತಳೆ ಗಿಡ. ಹಂಚಿನ ಮಾಡಿನ ಎಡಮೂಲೆಯಲ್ಲಿ ನಾಲ್ಕು ಹೊಸ ಹಂಚು, ಉಳಿದವಕ್ಕಿಂತ ಕೆಂಪು. ಆ ನಾಲ್ಕು ಹಂಚುಗಳನ್ನು ಬಣ್ಣ ಹಚ್ಚಿ ತೋರಿಸಿದ ದಿನ ಅಜ್ಜಿ ಕಾಗದವನ್ನು ಮಡಿಲಲ್ಲಿಟ್ಟುಕೊಂಡು, “ಇದೇ. ಅದನ್ನು ಹೊದಿಸಿದ್ದು ಇವನೇ” ಎಂದು ಮಗನ ಕಡೆ ನೋಡಿದರು. ಮನೆಯ ಹಿಂದಿನ ಗುಡ್ಡವನ್ನು ಬರೆಯಬೇಕೇ ಎಂದು ಕೇಳಿದ್ದಕ್ಕೆ ಬೇಡವೆಂದರು. ಅಲ್ಲಿ ಬರಿಯ ಮಂಜು ಹಾಕಿದ್ದೇನೆ.

ಅವರಿಂದ ಏನನ್ನೂ ತೆಗೆದುಕೊಳ್ಳಬಾರದೆಂದು ನಿರ್ಧರಿಸಿದ್ದೆ. ಸೊಸೆ ಒಪ್ಪಲಿಲ್ಲ. “ಬೇರೆಯವರು ಕೊಟ್ಟ ಅಕ್ಕಿ, ಬೇರೆಯವರು ಕೊಟ್ಟ ಕಂಬಳಿ, ಎಲ್ಲ ತೆಗೆದುಕೊಂಡು ಸಾಕಾಗಿದೆ ಅಕ್ಕಾ. ಇದೊಂದನ್ನಾದರೂ ನಾವು ಕೊಟ್ಟು ತೆಗೆದುಕೊಳ್ಳುತ್ತೇವೆ” ಎಂದರು. ಅವರು ಹೊಲಿಗೆ ಬಲ್ಲವರು. ನನ್ನ ಸ್ಕೆಚ್ ಪುಸ್ತಕಗಳ ಅಳತೆ ತೆಗೆದುಕೊಂಡು, ಹೊರಗೆ ದಪ್ಪ ಟಾರ್ಪಾಲು, ಒಳಗೆ ಹತ್ತಿಯ ಬಟ್ಟೆ ಇಟ್ಟು, ಮಳೆನೀರು ಹೊಲಿಗೆಯೊಳಗೆ ಇಳಿಯದ ಹಾಗೆ ಅಂಚುಗಳನ್ನು ಎರಡು ಸಲ ಮಡಿಸಿ ಒಂದು ಚೀಲ ಹೊಲಿದುಕೊಟ್ಟರು. ಅದಕ್ಕೂ ಅವರಿಗೆ ಆರು ಮಧ್ಯಾಹ್ನಗಳೇ ಹಿಡಿದವು. ಎರಡೂ ಅಂಕಣಗಳಲ್ಲಿ ಒಂದೇ ಅಂಕಿ ಇರುವುದು ನನ್ನ ಪುಸ್ತಕದಲ್ಲಿ ಆ ಪುಟದಲ್ಲಿ ಮಾತ್ರ. ಅಂದು ನಾನು ಬೇಡವೆಂದು ಹಟ ಹಿಡಿದಿದ್ದರೆ ಅದು ಅವರಿಗೆ ಮಾಡಿದ ಅವಮಾನವಾಗುತ್ತಿತ್ತು ಎಂದು ಈಗ ಗಟ್ಟಿಯಾಗಿ ನಂಬಿದ್ದೇನೆ.

ಆ ಚೀಲ ಇಲ್ಲದೆ ನಾನೀಗ ಹೊರಗೆ ಹೋಗುವುದಿಲ್ಲ. 1,100 ಮೀಟರಿಗೂ ಎತ್ತರದಲ್ಲಿರುವ ಮಡಿಕೇರಿಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಕಾಗದವನ್ನು ಕಾಪಾಡುವುದೇ ಅರ್ಧ ಕೆಲಸ. ಜಲವರ್ಣದ ಕಾಗದಕ್ಕೆ ಬಣ್ಣ ಕೂಡಲೇ ಹೀರದಂತೆ ತೆಳುವಾದ ಅಂಟಿನ ಲೇಪವಿರುತ್ತದೆ. ತೇವ ಹಿಡಿದು ಬೂಸ್ಟು ಬಂದರೆ ಮೊದಲು ಹಾಳಾಗುವುದು ಆ ಲೇಪ. ಹೊರಗಿನಿಂದ ಕಾಗದ ಚೆನ್ನಾಗಿಯೇ ಕಾಣುತ್ತದೆ, ಬಣ್ಣ ಹಚ್ಚಿದಾಗ ಮಾತ್ರ ಅಲ್ಲಲ್ಲಿ ಮಚ್ಚೆಯಾಗಿ ಇಂಗಿಹೋಗುತ್ತದೆ. ಇಲ್ಲಿಯ ಮನೆಗಳಲ್ಲಿ ರೇಷ್ಮೆ ಸೀರೆಯ ಬೀರುವಿನೊಳಗೆ ಸಣ್ಣ ಬಲ್ಬು ಉರಿಸಿಡುವ ಹಾಗೆ ನಾನು ಕಾಗದದ ಬೀರುವಿನಲ್ಲಿ ಉರಿಸಿಡುತ್ತೇನೆ. ಬಣ್ಣದ ತಟ್ಟೆಗೂ ಬೂಸ್ಟು ಬರುತ್ತದೆ, ಬಣ್ಣದಲ್ಲಿರುವ ಗೋಂದು ಅದಕ್ಕೆ ಆಹಾರ. ತೊಳೆಯುವ ನೀರಿಗೆ ಒಂದು ಹನಿ ಲವಂಗದ ಎಣ್ಣೆ ಬೆರೆಸಿದರೆ ಅದು ತಡೆಯುತ್ತದೆ. ಚೌಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ದಪ್ಪ ಮೌಂಟ್ ಬೋರ್ಡ್ ಇಡಲೇಬೇಕು, ತಾಗಿದರೆ ಎರಡೇ ಮಳೆಗಾಲದಲ್ಲಿ ಕಾಗದ ಗಾಜಿಗೆ ಅಂಟಿಕೊಳ್ಳುತ್ತದೆ. ಚೌಕಟ್ಟುಗಳನ್ನು ನಮ್ಮ ಬೀದಿಯ ಆಚಾರಿಯವರು ಮಾಡಿಕೊಡುತ್ತಾರೆ, ಹಲಸಿನ ಮರದ ತುಂಡುಗಳಿಂದ. ಹೊಸತರಲ್ಲಿ ಹಳದಿಯಾಗಿರುವ ಅದು ವರ್ಷ ಕಳೆದಂತೆ ಜೇನಿನ ಕಂದಿಗೆ ತಿರುಗುತ್ತದೆ. ಅದಕ್ಕೆ ಬದಲಾಗಿ ನಾನು ಅವರ ಅಂಗಡಿಯ ಬೋರ್ಡನ್ನು ಬರೆದುಕೊಟ್ಟಿದ್ದೇನೆ, ಎರಡು ವರ್ಷಕ್ಕೊಮ್ಮೆ ಎನಾಮೆಲ್ ಬಣ್ಣದಲ್ಲಿ ತಿದ್ದಿಕೊಡುತ್ತೇನೆ.

ಎಲ್ಲ ವಿನಿಮಯವೂ ಹೀಗೆ ಒಳ್ಳೆಯದಾಗಿಯೇ ಮುಗಿದಿಲ್ಲ. ಒಂದು ಹೋಂಸ್ಟೇಯವರಿಗೆ ಓಂಕಾರೇಶ್ವರ ದೇವಾಲಯದ ಕೆರೆ ಮಂಟಪ, ಕೋಟೆಯೊಳಗಿನ ಜೋಡಿ ಆನೆ, ನಾಲ್ಕುನಾಡು ಅರಮನೆ ಇವುಗಳ ಆರು ರೇಖಾಚಿತ್ರಗಳನ್ನು ಬರೆದುಕೊಟ್ಟಿದ್ದೆ. ಪ್ರತಿಯಾಗಿ ಬೇಸಿಗೆಯಲ್ಲಿ ಒಂದು ವಾರ ಅಲ್ಲಿ ಉಳಿದು ಚಿತ್ರ ಬರೆಯುವ ಅವಕಾಶ. ಗೋಡೆಗೆ ತೂಗುಹಾಕಲು ಎಂದಿದ್ದರು. ಮುಂದಿನ ವರ್ಷ ಅವೇ ಚಿತ್ರಗಳು ಮಗ್ಗುಗಳ ಮೇಲೆ, ಚೀಲಗಳ ಮೇಲೆ ಮುದ್ರಣವಾಗಿ ಮಾರಾಟಕ್ಕಿದ್ದವು. ನನ್ನ ಹೆಸರೂ ಇರಲಿಲ್ಲ. ತುಂಬ ನೊಂದುಕೊಂಡೆ. ಆಮೇಲೆ ಕಾನೂನು ಓದಿದಾಗ ಇನ್ನೊಂದು ಸಂಗತಿ ತಿಳಿಯಿತು, ಈ ಕೆಲಸ ಮಾಡುವ ಎಲ್ಲರಿಗೂ ಅದು ತಿಳಿದಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಸೆಕ್ಷನ್ನಿನ ಪ್ರಕಾರ, ಒಬ್ಬರು ಪ್ರತಿಫಲ ಕೊಟ್ಟು ಹೇಳಿ ಬರೆಸಿದ ವರ್ಣಚಿತ್ರ ಅಥವಾ ಭಾವಚಿತ್ರಕ್ಕೆ, ಬೇರೆ ರೀತಿಯ ಒಪ್ಪಂದ ಇಲ್ಲದಿದ್ದರೆ, ಬರೆಸಿದವರೇ ಮೊದಲ ಹಕ್ಕುದಾರರಾಗುತ್ತಾರೆ. ಕಲಾವಿದರ ಹೆಸರಿನ ಹಕ್ಕು 57ನೆಯ ಸೆಕ್ಷನ್ನಿನಲ್ಲಿ ಪ್ರತ್ಯೇಕವಾಗಿ ಉಳಿಯುತ್ತದೆ, ಆದರೆ ಮುದ್ರಿಸಿ ಮಾರುವ ಹಕ್ಕನ್ನು ನಮ್ಮಲ್ಲೇ ಉಳಿಸಿಕೊಳ್ಳಬೇಕಾದರೆ ಅದನ್ನು ಬರೆಹದಲ್ಲಿ ಹೇಳಿರಬೇಕು. ಅಂದಿನಿಂದ ಮೆಣಸಿಗೆ ಬರೆದರೂ ಸರಿ, ಚೌಕಟ್ಟಿಗೆ ಬರೆದರೂ ಸರಿ, ಚಿತ್ರ ಮನೆಯಲ್ಲಿ ಇಟ್ಟುಕೊಳ್ಳಲು ಮಾತ್ರ, ಮುದ್ರಣದ ಹಕ್ಕು ಬರೆದವರದ್ದು ಎಂದು ಕನ್ನಡದಲ್ಲಿ ನಾಲ್ಕು ಸಾಲು ಬರೆದು ಇಬ್ಬರೂ ಸಹಿ ಹಾಕುತ್ತೇವೆ. ನೆಂಟರಿಷ್ಟರಿಗೆ ಇದು ಮೊದಮೊದಲು ಕಸಿವಿಸಿಯಾಗುತ್ತದೆ. ವಿವರಿಸಿ ಹೇಳಿದರೆ ಯಾರೂ ಬೇಡವೆಂದಿಲ್ಲ.

ಈ ತಿಂಗಳು ಕೈಯಲ್ಲಿದ್ದ ಕೆಲಸ ಒಂದು ಹೂವಿನದು. ಸೆಪ್ಟೆಂಬರ್ 3ರ ಕೈಲ್ ಪೊಳ್ದಿನಂದು ಆಯುಧಗಳಿಗೆ ಮುಡಿಸುವ ತೋಕ್ ಪೂವನ್ನು, ಅಂದರೆ ಅಗ್ನಿಶಿಖೆಯ ಹೂವನ್ನು, ಸರಿಯಾಗಿ ಬರೆಸಿ ಮನೆಯಲ್ಲಿಟ್ಟುಕೊಳ್ಳಬೇಕೆಂದು ಪೊನ್ನಂಪೇಟೆಯ ಕಡೆಯ ಅಜ್ಜನೊಬ್ಬರು ಕೇಳಿದ್ದರು. ಬೇಲಿಯ ಮೇಲೆ ಹಬ್ಬಿದ ಬಳ್ಳಿಯ ಮುಂದೆ ಕೊಡೆ ಹಿಡಿದು ಕುಳಿತು ಬರೆದೆ. ಅರಳಿದ ದಿನ ಎಸಳುಗಳು ಹಸಿರುಹಳದಿಯಾಗಿರುತ್ತವೆ, ಮೇಲಕ್ಕೆ ಮಡಚಿಕೊಳ್ಳುತ್ತಾ ತುದಿಯಿಂದ ಕೆಂಪೇರಿ ಕೆಲವು ದಿನಗಳಲ್ಲಿ ಪೂರ್ತಿ ಉರಿಯ ಬಣ್ಣಕ್ಕೆ ಬರುತ್ತವೆ; ಆರೂ ಎಸಳುಗಳ ಅಂಚು ಅಲೆಯಲೆಯಾಗಿರುತ್ತದೆ. ಒಂದೇ ಹೂವನ್ನು ಬೇರೆ ಬೇರೆ ದಿನ ಬರೆದರೆ ಬೇರೆ ಬೇರೆ ಹೂವಿನಂತೆ ಕಾಣುತ್ತದೆಯಾದ್ದರಿಂದ ಒಂದೇ ಹಾಳೆಯಲ್ಲಿ ಐದು ಹಂತಗಳನ್ನು ಬರೆದು ತೋರಿಸಿದೆ. ಅಜ್ಜ ಮೂರನೆಯದನ್ನು ಆರಿಸಿ, ಕೋವಿಗೆ ಇಡುವುದು ಇಂಥದ್ದನ್ನು, ಬಾಡಲು ತೊಡಗಿದ್ದನ್ನಲ್ಲ ಎಂದರು. ಐದನ್ನೂ ಇಟ್ಟುಕೊಳ್ಳುತ್ತೇನೆ ಎಂದೂ ಹೇಳಿದರು.

ಪ್ರತಿಯಾಗಿ ಏನು ಬೇಕೆಂದು ಕೇಳಿದಾಗ, ಆ ಬಳ್ಳಿಯ ಎರಡು ಗೆಡ್ಡೆ ಬೇಕೆಂದೆ. ಮುಂದಿನ ಮಳೆಗಾಲದಲ್ಲಿ ಮನೆಯ ಕಿಟಕಿಯ ಬಳಿಯೇ ಅರಳಿದರೆ ದಿನವೂ ಬರೆಯಬಹುದು. ಅಜ್ಜ ಸ್ವಲ್ಪ ಯೋಚಿಸಿ, ಕೊಡುತ್ತೇನೆ, ಆದರೆ ಗೆಡ್ಡೆ ಕಡುವಿಷ, ಮಕ್ಕಳ ಕೈಗೆ, ದನದ ಬಾಯಿಗೆ ಸಿಗದ ಕಡೆ ನೆಡಬೇಕು, ಮುಟ್ಟಿದ ಮೇಲೆ ಕೈ ತೊಳೆಯಬೇಕು ಎಂದು ಎರಡೆರಡು ಸಲ ಹೇಳಿದರು. ಈಗ ಅಗೆದರೆ ಬಳ್ಳಿ ಸಾಯುತ್ತದೆ; ಮಳೆ ನಿಂತು, ಬಳ್ಳಿ ಪೂರ್ತಿ ಒಣಗಿದ ಮೇಲೆ ತೆಗೆಯಬೇಕಂತೆ, ಪುತ್ತರಿಯ ಹೊತ್ತಿಗೆ ಬಾ ಎಂದಿದ್ದಾರೆ. ಎಡಗಡೆಯ ಅಂಕಣದಲ್ಲಿ ‘ತೋಕ್ ಪೂ, ಐದು ಹಂತ, ಏಳು ದಿನ’ ಎಂದು ಬರೆದಿದ್ದೇನೆ. ಬಲಗಡೆಯದನ್ನು ಪುತ್ತರಿಗೆ ಹೋಗಿಬಂದ ಮೇಲೆ ತುಂಬುತ್ತೇನೆ.